ಸುರುಬನದಲ್ಲಿ ಜೀಪು ಬೇಕೆ?

ಎರಡು ದಿನ ರಜೆ ಸಿಕ್ಕಿದರೆ ಸಾಕು, ಮುಂಬಯಿಯ ಜೀಪುಗಳೆಲ್ಲ ಅಲಿಬಾಗಿನ ಕಡೆ ಮುಖ ಮಾಡುತ್ತವೆ. ನಾಗಾಂವ್, ಕಾಶಿದ್‌ಗಳಲ್ಲಿ ಊರಿಗೂ ಕಡಲಿಗೂ ನಡುವೆ ಸುರುಮರಗಳ ತೋಪು, ಅದರೊಳಗೆ ಮರಳಿನ ದಾರಿ. ಮರಾಠಿಯ ಈ ಸುರು ಅಂದರೆ ನಮ್ಮ ಗಾಳಿಮರವೇ. ಇಂಗ್ಲಿಷಿನವರು ಇದನ್ನು ಆಸ್ಟ್ರೇಲಿಯನ್ ಪೈನ್ ಅಂತಾರೆ, ಆದರೆ ಪೈನ್ ಕುಲಕ್ಕೂ ಇದಕ್ಕೂ ನಂಟಿಲ್ಲ. ಸೂಜಿಯಂತೆ ಕಾಣುವುದು ಎಲೆಯೂ ಅಲ್ಲ, ಎಳೆಯ ರೆಂಬೆ.

ಅಲ್ಲಿ ಗಾಡಿ ಓಡಿಸೋದರಲ್ಲಿ ಮಜಾ ಇಲ್ಲ ಅಂತ ನಾನು ಹೇಳೋದಿಲ್ಲ. ಟೈರಿನ ಗಾಳಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬೇಕು. ಆಗ ಅದು ಒಂಟೆಯ ಪಾದದಂತೆ ಅಗಲವಾಗಿ ಮರಳಿನ ಮೇಲೆ ತೇಲುತ್ತದೆ. ಥಟ್ಟನೆ ಬ್ರೇಕು ಒತ್ತಬಾರದು. ಚಕ್ರ ನಿಂತಲ್ಲೇ ತಿರುಗಿತೋ, ಗಾಡಿ ಆಕ್ಸಲ್‌ವರೆಗೆ ಹೂತಿತು. ವಿದ್ಯೆಯೇ ಸರಿ.

ಆದರೆ ಗೆಳೆಯರ ವಾದ ಕೇಳಿ: "ಇದೇನು ಕಾಡಾ? ಯಾರೋ ನೆಟ್ಟ ಪರದೇಶಿ ಮರ. ಹಾಳಾಗೋದೇನು?" ಅರ್ಧ ನಿಜ. 1868ರಲ್ಲಿ ಇದು ಸೌದೆಗೆಂದು ಭಾರತಕ್ಕೆ ಬಂದು ಬೇರೂರಿದ್ದು ನಮ್ಮ ಕಾರವಾರದಲ್ಲೇ ಎನ್ನುತ್ತಾರೆ. ಆಮೆ ಮೊಟ್ಟೆಯಿಡುವ ಮರಳಿನ ತನಕ ಇದನ್ನು ನೆಡಲೇಬಾರದು ಅನ್ನುವ ತಜ್ಞರೂ ಇದ್ದಾರೆ. ಇರಲಿ, ಮರ ಹೊರಗಿನದು; ಮರಳು ಹೊರಗಿನದಲ್ಲವಲ್ಲ!

ತೋಪು ದಾಟಿದರೆ ದಿಬ್ಬದ ಮೇಲೆ ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬಿರುತ್ತದೆ. ಮರಳನ್ನು ಹಿಡಿದಿಟ್ಟಿರುವುದು ಅದು. ನಾಲ್ಕು ಸಲ ಗಾಲಿ ಹರಿದರೆ ಬಳ್ಳಿ ಹರಿಯಿತು, ಮುಂದಿನದನ್ನು ಗಾಳಿಯೇ ನೋಡಿಕೊಳ್ಳುತ್ತದೆ. ಜೀಪಿಗೆ ಪ್ರತಿವರ್ಷ ಸವಕಳಿ ಬರೆಯುವ ನಾವು ಕಾಮರ್ಸಿನವರು ಈ ದಿಬ್ಬದ ಸವಕಳಿಯನ್ನು ಯಾವ ಖಾತೆಗೆ ಬರೆಯೋಣ?

ಇನ್ನು ಕಡಲಾಮೆ. ರತ್ನಾಗಿರಿ ಜಿಲ್ಲೆಯ ವೇಳಾಸದಲ್ಲಿ 2002ರಿಂದ ಊರವರೇ ಸೇರಿ ಆಲಿವ್ ರಿಡ್ಲಿ ಆಮೆಯ ಮೊಟ್ಟೆ ಕಾಯುತ್ತಿದ್ದಾರೆ. ಒಂದೊಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಒಂದೂವರೆ ಅಡಿ ಆಳದಲ್ಲಿ. ಮೇಲಿಂದ ನೋಡಿದರೆ ಬರೀ ಮರಳು. ಡ್ರೈವರಿಗೆ ಏನು ಗೊತ್ತಾಗಬೇಕು? ಮರಿ ಹೊರಬಂದರೂ ಎರಡು ಇಂಚಿನ ಜೀವ, ಟೈರಿನ ಗುರುತು ಅದಕ್ಕೆ ಕಾಲುವೆ. ಅದರೊಳಗೆ ಬಿದ್ದದ್ದು ಕಡಲಿನ ಬದಲು ಉದ್ದಕ್ಕೂ ತೆವಳುತ್ತದೆ, ಬೆಳಗಾದರೆ ಕಾಗೆಯ ಪಾಲು.

ಜೀಪೇ ಬೇಡವೆಂದು ನನ್ನ ವಾದವಲ್ಲ. ತೋಪಿನ ಈಚೆ, ಊರಿನ ಬದಿಗೆ ನಿಲ್ಲಿಸಲಿ. ಹೂತ ಗಾಡಿ ಎಳೆಸಲು ಟ್ರ್ಯಾಕ್ಟರಿನವನಿಗೆ ಕೊಡುವ ದುಡ್ಡನ್ನು ನಿಲುಗಡೆ ಶುಲ್ಕವೆಂದು ಪಂಚಾಯತಿಗೇ ಕೊಡಲಿ. ಅಲ್ಲಿಂದ ನೀರಿಗೆ ನಡೆದರೆ ಐದು ನಿಮಿಷವೂ ಹಿಡಿಯುವುದಿಲ್ಲ.