ಅರಿವಿಲ್ಲದ ಕರುಣೆ ಅಹಿಂಸೆಯೇ?

ಅವಧಿಗೆ ಮುನ್ನ ಜನಿಸಿದ ಶಿಶುಗಳನ್ನು ವೈದ್ಯಕೀಯ ಸಂಶೋಧನೆಗೆ ಒಳಪಡಿಸುವುದು ಹಿಂಸೆಯೇ ಸರಿ, ಅಹಿಂಸಾಧರ್ಮವನ್ನು ಆಚರಿಸುವ ಕುಟುಂಬಗಳು ಅದಕ್ಕೆ ಸಮ್ಮತಿಸಲಾಗದು ಎಂಬ ಮಾತು ನಮ್ಮ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಒಂದು ಕಿಲೋಗ್ರಾಂ ತೂಗದ, ಅಳುವುದಕ್ಕೂ ತ್ರಾಣವಿಲ್ಲದ ಜೀವವು ತನ್ನ ಒಪ್ಪಿಗೆಯನ್ನು ಹೇಳಲಾರದು. ಚೀಟಿ ಎತ್ತಿದಂತೆ ಒಂದು ಮಗುವಿಗೆ ಈ ಚಿಕಿತ್ಸೆ, ಇನ್ನೊಂದಕ್ಕೆ ಆ ಚಿಕಿತ್ಸೆ ಎಂದು ನಿರ್ಧರಿಸುವುದು ಯಾವ ಧರ್ಮ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗೌರವಾರ್ಹವಾದುದು. ಆದರೆ ಅದರಿಂದ ಅವರು ತಲಪುವ ತೀರ್ಮಾನವನ್ನು ಒಪ್ಪಲು ಸಾಧ್ಯವಿಲ್ಲ. ಸಂಶೋಧನೆಯನ್ನು ನಿರಾಕರಿಸಿದ ಮಾತ್ರಕ್ಕೆ ಶಿಶುವಿನ ಮೇಲಿನ ಪ್ರಯೋಗ ನಿಲ್ಲುವುದಿಲ್ಲ. ಲೆಕ್ಕವಿಡದೆ, ಹೋಲಿಸಿ ನೋಡದೆ ಅದು ಮುಂದುವರಿಯುತ್ತದೆ, ಅಷ್ಟೆ.

ಆಮ್ಲಜನಕದ ಇತಿಹಾಸವನ್ನೇ ನೋಡೋಣ. 1940ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಉತ್ತಮ ಆಸ್ಪತ್ರೆಗಳು ಅಕಾಲಜನಿತ ಶಿಶುಗಳಿಗೆ ಧಾರಾಳವಾಗಿ ಆಮ್ಲಜನಕ ನೀಡತೊಡಗಿದವು. ಅದು ಕರುಣೆಯಿಂದಲೇ ನಡೆದ ಕಾರ್ಯ. ಅದೇ ಕಾಲದಲ್ಲಿ ಸಹಸ್ರಾರು ಮಕ್ಕಳು ಕುರುಡರಾದರು. 1951ರಲ್ಲಿ ಮೆಲ್ಬೋರ್ನಿನ ಕೇಟ್ ಕ್ಯಾಂಪ್‌ಬೆಲ್ ಅವರು ಆಮ್ಲಜನಕವೇ ಕಾರಣವಿರಬಹುದೆಂದು ಸೂಚಿಸಿದರು. ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಾಲ್ ಪ್ಯಾಟ್ಜ್ ಅವರು ಹೆಚ್ಚು ಮತ್ತು ಕಡಿಮೆ ಆಮ್ಲಜನಕವನ್ನು ಹೋಲಿಸಿ ನೋಡಲು ತೊಡಗಿದಾಗ, ಕೆಲವು ದಾದಿಯರು ಮಗು ಉಸಿರುಗಟ್ಟೀತೆಂಬ ಭಯದಿಂದ ರಾತ್ರಿಯ ವೇಳೆ ಗುಟ್ಟಾಗಿ ಆಮ್ಲಜನಕವನ್ನು ಹೆಚ್ಚಿಸುತ್ತಿದ್ದರಂತೆ. ಅವರ ಹೃದಯದಲ್ಲಿ ದಯೆಯಿತ್ತು. ಆ ದಯೆಯೇ ಮಕ್ಕಳ ಕಣ್ಣಿಗೆ ಮುಳುವಾಗಿತ್ತು. 1954ರಲ್ಲಿ ಅಮೆರಿಕದ 18 ಆಸ್ಪತ್ರೆಗಳ ಜಂಟಿ ಅಧ್ಯಯನವು ಸಂದೇಹವನ್ನು ಬಗೆಹರಿಸಿತು. ಆ ಬಳಿಕ ಆಮ್ಲಜನಕವನ್ನು ಅತಿಯಾಗಿ ಕಡಿತಗೊಳಿಸಿದ್ದರಿಂದ ಉಸಿರಾಟದ ತೊಂದರೆಯಿಂದ ಸಾಯುವ ಶಿಶುಗಳು ಹೆಚ್ಚಿದವೆಂದು ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಹೆಚ್ಚಾದರೆ ಕುರುಡು, ಕಡಿಮೆಯಾದರೆ ಮರಣ. ಇವೆರಡರ ನಡುವಣ ಕಿರಿದಾದ ದಾರಿಯನ್ನು ಕೇವಲ ಸದ್ಭಾವನೆಯಿಂದ ಕಂಡುಕೊಳ್ಳಬಹುದೇ?

ಇದು ದೂರದೇಶದ ಹಳೆಯ ಕಥೆಯಲ್ಲ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಶಿಶು ತೀವ್ರನಿಗಾ ಘಟಕಗಳು ಹೆಚ್ಚಿದಂತೆ, ಹಿಂದೆ ಉಳಿಯದಿದ್ದ ಮಕ್ಕಳು ಉಳಿಯತೊಡಗಿದರು. ಜತೆಯಲ್ಲೇ ಅಕ್ಷಿಪಟಲದ ಈ ವ್ಯಾಧಿಯೂ ಬಂದಿತು. ಅನ್ನಪೂರ್ಣೇಶ್ವರಿ ನಗರದಿಂದ ಅಷ್ಟೇನೂ ದೂರವಿಲ್ಲದ ರಾಜಾಜಿನಗರದ ನಾರಾಯಣ ನೇತ್ರಾಲಯವು 2008ರಲ್ಲಿ ಡಾ. ಆನಂದ ವಿನೇಕರ್ ಅವರ ನೇತೃತ್ವದಲ್ಲಿ ‘ಕಿಡ್‌ರಾಪ್’ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುವುದು, ಬೆಂಗಳೂರಿನ ತಜ್ಞರು ಅದನ್ನು ಪರೀಕ್ಷಿಸುವುದು, ಅಗತ್ಯವಿದ್ದ ಮಗುವಿಗೆ ಸಕಾಲದಲ್ಲಿ ಲೇಸರ್ ಚಿಕಿತ್ಸೆ ದೊರಕಿಸುವುದು ಅದರ ಕ್ರಮ. ಅಮೆರಿಕದ ನಿಯಮದಂತೆ ಮುಖ್ಯವಾಗಿ 1,500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರಗಳೊಳಗೆ ಹುಟ್ಟಿದ ಶಿಶುಗಳನ್ನು ಪರೀಕ್ಷಿಸಿದರೆ ಸಾಕು. ಭಾರತದಲ್ಲಾದರೋ 2,000 ಗ್ರಾಂಗಿಂತ ಕಡಿಮೆ ತೂಕದ, ಅಥವಾ 34 ವಾರಗಳಿಗೆ ಮುನ್ನ ಹುಟ್ಟಿದ ಶಿಶುಗಳೆಲ್ಲವನ್ನೂ 30 ದಿನಗಳೊಳಗೆ ಪರೀಕ್ಷಿಸಬೇಕೆಂದು ನಿಯಮವಿದೆ. ಏಕೆ ಈ ವ್ಯತ್ಯಾಸ? ಹೆಚ್ಚು ತೂಕದ ಭಾರತೀಯ ಶಿಶುಗಳಿಗೂ ಈ ವ್ಯಾಧಿ ತಗಲುತ್ತದೆಂಬುದನ್ನು ಇಲ್ಲಿನ ಸಂಶೋಧಕರು ಇಲ್ಲಿನ ಶಿಶುಗಳಲ್ಲಿಯೇ ಕಂಡುಕೊಂಡರು. ಪರದೇಶದ ಅಳತೆಗೋಲನ್ನೇ ನಂಬಿದ್ದರೆ 1,700 ಗ್ರಾಂ ತೂಕದ ನಮ್ಮ ಮಗುವಿನ ಕಣ್ಣನ್ನು ಯಾರೂ ನೋಡುತ್ತಿರಲಿಲ್ಲ.

ಬೆಳಗಾವಿಯ ದೃಷ್ಟಾಂತ ಇನ್ನೂ ತೀಕ್ಷ್ಣವಾದುದು. ಅಕಾಲಪ್ರಸವದ ಸೂಚನೆಯಿರುವ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ನೀಡಿದರೆ ಶಿಶುವಿನ ಶ್ವಾಸಕೋಶ ಬಲಗೊಳ್ಳುವುದೆಂಬುದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಸ್ಥಿರಪಟ್ಟ ಸಂಗತಿ. ಹಾಗಾದರೆ ಹಳ್ಳಿಹಳ್ಳಿಗೂ ಅದನ್ನು ಒಯ್ಯಬೇಕೆಂಬುದು ಸಹಜವಾದ ಆಶಯ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಪಾಲ್ಗೊಂಡ, ಆರು ದೇಶಗಳ ಅಧ್ಯಯನವೊಂದು 2011ರಿಂದ 2014ರವರೆಗೆ ಇದನ್ನು ಪರೀಕ್ಷಿಸಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು: ಅತಿ ಸಣ್ಣ ಶಿಶುಗಳ ಮರಣ ಇಳಿಯಲಿಲ್ಲ, ಒಟ್ಟಾರೆ ನವಜಾತ ಶಿಶುಗಳ ಮರಣ ಹೆಚ್ಚಿತು. ಬಳಿಕ ಅದೇ ಬೆಳಗಾವಿಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, ಗರ್ಭದ ವಯಸ್ಸನ್ನು ಸ್ಕ್ಯಾನಿಂಗ್ ಮೂಲಕ ಖಚಿತಪಡಿಸಿಕೊಂಡು, ಯೋಗ್ಯ ಶುಶ್ರೂಷೆಯಿದ್ದ ಕಡೆ ಮಾತ್ರ ನೀಡಿ ನೋಡಲಾಯಿತು. 2020ರ ಆ ವರದಿಯಂತೆ ಚಿಕಿತ್ಸೆ ಪಡೆದವರ ಶಿಶುಗಳಲ್ಲಿ ಮರಣ ಶೇ. 19.6, ಪಡೆಯದವರಲ್ಲಿ ಶೇ. 23.5. ಒಂದೇ ಔಷಧ, ಒಂದೆಡೆ ಜೀವರಕ್ಷಕ, ಇನ್ನೊಂದೆಡೆ ಅಪಾಯಕಾರಿ. ಮೊದಲ ಅಧ್ಯಯನ ನಡೆಯದಿದ್ದಲ್ಲಿ ಆ ಚುಚ್ಚುಮದ್ದು ಪುಣ್ಯಕಾರ್ಯವೆಂಬ ಹೆಸರಿನಲ್ಲಿ ಗ್ರಾಮಗ್ರಾಮಕ್ಕೂ ಹರಡುತ್ತಿತ್ತು, ಆ ಮರಣಗಳನ್ನು ಎಣಿಸುವವರೂ ಇರುತ್ತಿರಲಿಲ್ಲ.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನು, ಅಂದರೆ ಎಚ್ಚರಗೇಡಿತನವನ್ನು ಮುಂದಿರಿಸುತ್ತದೆ. ನೆಲವನ್ನು ನೋಡದೆ ಹೆಜ್ಜೆಯಿಡುವವನು ಇರುವೆಯನ್ನು ಕೊಲ್ಲಬೇಕೆಂದು ಬಯಸಿರುವುದಿಲ್ಲ. ಆದರೂ ಅವನು ನಿರ್ದೋಷಿಯಲ್ಲ. ತಿಳಿಯಲು ಸಾಧ್ಯವಿರುವುದನ್ನು ತಿಳಿಯಲೊಲ್ಲದ ಚಿಕಿತ್ಸೆ ನೆಲ ನೋಡದ ಹೆಜ್ಜೆಯೇ ಆಗಿದೆ. ಈರ್ಯಾಸಮಿತಿಯನ್ನು ಬೀದಿಗೆ ಮಾತ್ರ ಸೀಮಿತಗೊಳಿಸಿ, ಶಿಶುವಿನ ಹಾಸಿಗೆಯ ಬಳಿ ಅದನ್ನು ಮರೆಯುವುದು ಸಲ್ಲದು.

ಹಾಗೆಂದು ಸಂಶೋಧಕರಿಗೆ ಕುರುಡು ಸಮ್ಮತಿ ನೀಡಬೇಕೆಂದು ನಾನು ಹೇಳುತ್ತಿಲ್ಲ. ಆಮ್ಲಜನಕದ ಎರಡು ಮಟ್ಟಗಳನ್ನು ಹೋಲಿಸಿದ ಅಮೆರಿಕದ ‘ಸಪೋರ್ಟ್’ ಅಧ್ಯಯನದ ಸಮ್ಮತಿಪತ್ರಗಳು, ಕುರುಡುತನ ಮತ್ತು ಮರಣದ ಸಂಭವವನ್ನು ತಂದೆತಾಯಿಗಳಿಗೆ ಸರಿಯಾಗಿ ತಿಳಿಸಿರಲಿಲ್ಲವೆಂದು ಅಲ್ಲಿನ ಸರ್ಕಾರಿ ಕಛೇರಿಯೇ 2013ರಲ್ಲಿ ಆಕ್ಷೇಪಿಸಿತು. ಇಂಗ್ಲಿಷಿನಲ್ಲಿ ಅಚ್ಚಾದ ಹತ್ತು ಪುಟಗಳ ಮೇಲೆ ಹೆರಿಗೆಯ ನೋವಿನಲ್ಲಿರುವ ತಾಯಿಯಿಂದ ಸಹಿ ಪಡೆಯುವುದು ಸಮ್ಮತಿಯಲ್ಲ. ಸತ್ಯವ್ರತಕ್ಕೂ ಅಚೌರ್ಯವ್ರತಕ್ಕೂ ಅದು ಭಂಗ. ಎರಡೂ ಗುಂಪುಗಳಿಗೆ ದೊರೆಯುವ ಚಿಕಿತ್ಸೆ ಯಾವುದು, ಅಪಾಯವೇನು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದೇ, ಮಗುವಿಗೆ ಹಾನಿಯಾದರೆ ಹೊಣೆ ಯಾರದು, ಅಧ್ಯಯನವು ಸರ್ಕಾರದ ನೋಂದಣಿಯಲ್ಲಿದೆಯೇ ಎಂದು ಪ್ರತಿಯೊಬ್ಬ ತಂದೆತಾಯಿಯೂ ಕೇಳಬೇಕು. ಉತ್ತರ ಕನ್ನಡದಲ್ಲಿ ದೊರೆಯದಿದ್ದರೆ ಸಹಿ ಹಾಕಬಾರದು.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಅಕಾಲಜನಿತ ಶಿಶುವಿನ ಶ್ವಾಸಕೋಶಕ್ಕೆ ನೀಡುವ ಸರ್ಫ್ಯಾಕ್ಟಂಟ್ ಎಂಬ ಔಷಧವು ಬಹುತೇಕ ಹಂದಿ ಇಲ್ಲವೇ ದನದ ಶ್ವಾಸಕೋಶದಿಂದ ತೆಗೆದುದು. ನಮ್ಮ ಕುಟುಂಬಗಳಿಗೆ ಇದಕ್ಕಿಂತ ಮಿಗಿಲಾದ ಧರ್ಮಸಂಕಟ ಯಾವುದು? ಮಗುವನ್ನು ಉಳಿಸಿಕೊಳ್ಳಲು ಅದನ್ನು ಸ್ವೀಕರಿಸುವ ತಾಯಿಯನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಪ್ರಾಣಿಜನ್ಯವಲ್ಲದ, ಅಷ್ಟೇ ಸಮರ್ಥವಾದ ಔಷಧ ಬೇಕೆಂದರೆ ಅದನ್ನು ಸಂಶೋಧನೆಯೇ ಕೊಡಬೇಕು. ಸಂಶೋಧನೆಯನ್ನು ತಿರಸ್ಕರಿಸುತ್ತ ಹಂದಿಯ ಔಷಧಕ್ಕೆ ಮರುಗುವುದು ಪರಸ್ಪರ ವಿರುದ್ಧವಾದ ನಡೆ.

ಕೊನೆಯದಾಗಿ ನಮ್ಮ ಬಸದಿಗಳ ಟ್ರಸ್ಟುಗಳಿಗೆ ಒಂದು ಮಾತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಈ ನಾಡಿನಲ್ಲಿ ಕೀರ್ತಿ ತಂದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ಸಾಧ್ವಿಗೆ, ಜ್ಞಾನವಿಲ್ಲದೆ ದಾನ ಪೂರ್ಣವಾಗದೆಂಬ ಅರಿವಿತ್ತು. ಇಂದು ಆಸ್ಪತ್ರೆಗೆ ಇನ್‌ಕ್ಯುಬೇಟರ್ ಕೊಟ್ಟು ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸುವ ದಾನಿಗಳು, ಅಲ್ಲಿ ಆಮ್ಲಜನಕವನ್ನು ಅಳೆದು ನೀಡುವ ಉಪಕರಣವಿದೆಯೇ, 30 ದಿನಗಳೊಳಗೆ ಕಣ್ಣಿನ ಪರೀಕ್ಷೆ ನಡೆಯುವುದೇ ಎಂದು ಮೊದಲು ಕೇಳಲಿ. ಬಡ ತಾಯಿಯ ಮರುಭೇಟಿಯ ಬಸ್ ಖರ್ಚನ್ನು, ಸಮ್ಮತಿಪತ್ರದ ಸುಲಭ ಕನ್ನಡ ರೂಪವನ್ನು ಟ್ರಸ್ಟುಗಳು ವಹಿಸಿಕೊಳ್ಳಲಿ. ಆಸ್ಪತ್ರೆಗಳ ನೈತಿಕ ಸಮಿತಿಗಳಲ್ಲಿ ಸಾಮಾನ್ಯ ನಾಗರಿಕರಿಗೂ ಧರ್ಮಶಾಸ್ತ್ರ ಬಲ್ಲವರಿಗೂ ಸ್ಥಾನವನ್ನು ನಿಯಮಗಳೇ ಕಲ್ಪಿಸಿವೆ. ನಮ್ಮ ವಿದ್ವಾಂಸರು ಹೊರಗೆ ನಿಂತು ಆಕ್ಷೇಪಿಸುವ ಬದಲು ಅಲ್ಲಿ ಕುಳಿತು ಪ್ರಶ್ನಿಸಲಿ. ಮಾತು ಬಾರದ ಆ ಜೀವಗಳಿಗೆ ನಾವು ನೀಡಬಹುದಾದ ಅಭಯದಾನ ಇದೇ ಆಗಿದೆ.