ಗಾಡಿ ಬಂದ್ ಬಿದ್ರ ಕ್ಲಚ್ಚಿನ ಮ್ಯಾಲ ಹಾಕಬ್ಯಾಡ್ರಿ

ಸಿಗ್ನಲ್‌ನ್ಯಾಗ ಕಾರು ಬಂದ್ ಬಿತ್ತಂದ್ರ ಎಲ್ಲಾರೂ ಹೇಳೂದು ಒಂದ ಮಾತು: "ಹೆಣ್ಮಕ್ಕಳಿಗೆ ಕ್ಲಚ್ ಬಿಡ್ಲಿಕ್ಕೆ ಬರಂಗಿಲ್ಲ." ವೈನಿ, ಅಕ್ಕಾ, ನಾ ಇದನ್ನ ಒಪ್ಪಂಗಿಲ್ಲ. ಗಾಡಿ ನ್ಯೂಟ್ರಲ್‌ನ್ಯಾಗ ಇದ್ದಾಗ್ಲೂ ನಿಲ್ಲತದಂದ್ರ ಕ್ಲಚ್ಚಿನ ತಪ್ಪೇನದ?

ಪೆಟ್ರೋಲ್ ಕಾರಿನ ಎಂಜಿನ್ನಿಗೆ ಗಾಳಿ ಹೋಗೋ ಬಾಗಿಲಕ್ಕ ಥ್ರಾಟಲ್ ಬಾಡಿ ಅಂತಾರ. ಅದರಾಗ ಒಂದು ದುಂಡನ ತಗಡು ತಿರಗತದ. ಎಂಜಿನ್ನಿನ ಎಣ್ಣಿ ಹಬಿ, ಧೂಳು ಕೂಡಿ ಅದರ ಅಂಚಿಗೆ ಕರೀ ಜಿಡ್ಡು ಹತ್ತತದ, ನಮ್ಮ ಅಡಿಗಿಮನಿ ಎಕ್ಸಾಸ್ಟ್ ಫ್ಯಾನಿಗೆ ಹತ್ತಿದಂಗ. ಆಕ್ಸಿಲರೇಟರ್ ಒತ್ತಿದಾಗ ಬಾಗಿಲ ಅಗಲ ತಗೀತದ, ಏನೂ ಗೊತ್ತಾಗಂಗಿಲ್ಲ. ಕಾಲು ತಗದ್ರ ಕೂದಲೆಳಿಯಷ್ಟ ಸಂದು ಉಳೀತದ. ಅದೂ ಕಟ್ಟಿತಂದ್ರ ಎಂಜಿನ್ ಉಸಿರು ಸಾಲದ ನಿಲ್ಲತದ. ಎಸಿ ಹಚ್ಚಿದ್ರಂತೂ ಇನ್ನೂ ಲಗೂನ.

ಗ್ಯಾರೇಜಿನವರು ಮೊದಲ ಫ್ಯುಯೆಲ್ ಪಂಪ್ ಬದಲಾಯಿಸೂಣು ಅಂದ್ರ ಹೂಂ ಅನಬ್ಯಾಡ್ರಿ. "ಥ್ರಾಟಲ್ ಬಾಡಿ ಬಿಚ್ಚಿ ತೋರಸ್ರಿ" ಅನ್ರಿ. ಎಂಜಿನ್ ಆರಿದ ಮ್ಯಾಲ, ಚಾವಿ ತಗದು, ಅದಕ್ಕಂತನ ಸಿಗೋ ಕ್ಲೀನರ್ ಮೆತ್ತನ ಬಟ್ಟಿಗೆ ಹೊಡದು ಒರಸಬೇಕು. ಚಾಕು, ಸ್ಕ್ರಬರ್ ಬ್ಯಾಡ. ತಗಡನ್ನ ಬೆರಳಿಲೆ ಜೋರಾಗಿ ನೂಕಿದ್ರ ಒಳಗಿನ ಗೇರಿನ ಹಲ್ಲು ಕೆಡಬಹುದು. ಕೆಲವು ಕಾರಿಗೆ ಆಮ್ಯಾಲ ಸ್ಕ್ಯಾನರ್ ಹಚ್ಚಿ ಐಡ್ಲಿಂಗ್ ಹೊಸದಾಗಿ ಸೆಟ್ ಮಾಡಬೇಕಾಗತದ. ಇಷ್ಟಾದ್ರೂ ನಿಲ್ಲಲಿಕತ್ತಿದ್ರ ಬ್ಯಾರೆ ಭಾಗ ನೋಡಸ್ರಿ.

ನಾಳೆ ನೋಡಿದ್ರಾತು ಅನ್ನೋ ಮಾತಲ್ಲ ಇದು. ಓಡೂ ಗಾಡಿ ನಿಂತ ಕೂಡ್ಲೆ ಸ್ಟೇರಿಂಗ್ ಬಿಗೀತದ, ಎರಡ್ಮೂರು ಸಲ ಒತ್ತಿದ ಮ್ಯಾಲ ಬ್ರೇಕೂ ಗಟ್ಟಿ ಆಗತದ. ಬೈಸ್ಕೊಂಡು ಸುಮ್ನಿರೂದಕ್ಕಿಂತ ಬಾನೆಟ್ ತಗಸೂದು ಛಲೋ.