ಚಪ್ಪಾಳೆಯ ನಂತರ

ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬದ ಸಂಜೆ ಯುವಜನರು ಮದ್ಯಪಾನದ ವಿರುದ್ಧ ಒಂದು ನೃತ್ಯರೂಪಕವನ್ನು ಪ್ರದರ್ಶಿಸಿದರು. ಕುಡುಕನ ಪತ್ನಿ ಹಸುಗೂಸನ್ನೆತ್ತಿಕೊಂಡು ಮನೆ ಬಿಡುವ ದೃಶ್ಯದಲ್ಲಿ ಅನೇಕ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆನಂತರ ಊಟ. ಪಂಕ್ತಿಯ ಹಿಂದಿನ ಕತ್ತಲಲ್ಲಿ ಕೆಲವು ಗಂಡಸರು ಬಾಟಲಿ ತೆರೆದರು. ಅವರಲ್ಲೊಬ್ಬರು ರೂಪಕಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು!

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ವಿಚಾರವೊಂದು ನನಗೆ ಬಹಳ ಹಿಡಿಸಿತ್ತು. ದುರಂತ ನಾಟಕವು ಪ್ರೇಕ್ಷಕನಲ್ಲಿ ಭಯ, ಕರುಣೆಗಳನ್ನೆಬ್ಬಿಸಿ ಅವುಗಳನ್ನು ಶೋಧಿಸುತ್ತದೆ ಎಂಬುದು ಆತನ ಮತ. ಈಗ ಸಂಶಯ ಮೂಡುತ್ತಿದೆ. ಕಣ್ಣೀರಿನೊಡನೆ ಕರ್ತವ್ಯವೂ ಹರಿದುಹೋದರೆ?

ನಮ್ಮ ಸೀಮೆಗೆ ರಂಗಭೂಮಿ ಹೊಸತೇನಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣ ಮೂಡಲಗಿ ಭಾಗದ ಕುಲಗೋಡಿನವರು. ಆ ಆಟದಲ್ಲಿ ಹೆಸರಾದ ನಿಂಗಮ್ಮನವರು ಕೌಜಲಗಿಯವರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟದ ಸತ್ವದಿಂದಲೇ 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕವನ್ನು ಕಟ್ಟಿದರು. ಭೂಮಿ ಯಾರದು, ಒಡೆಯನದೋ ಉಳುವವನದೋ ಎಂಬ ಅದರ ಪ್ರಶ್ನೆ, ಕುಣಿತ ನಗೆಗಳ ನಡುವೆಯೂ ನೋಡುಗನನ್ನು ಹಗುರವಾಗಿ ಮನೆಗೆ ಕಳುಹಿಸುವಂಥದಲ್ಲ. ಉಳುವವನಿಗೆ ನೆಲ ಕೊಡುವ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ.

ಆದರೆ ನನ್ನನ್ನು ಹೆಚ್ಚು ಕಾಡುವ ಉದಾಹರಣೆ ಗೋಕಾಕ ತಾಲೂಕಿನ ಘಟಪ್ರಭೆಯದು. ದೇವದಾಸಿ ಸಮರ್ಪಣೆಯನ್ನು 1982ರ ಕಾಯಿದೆ ನಿಷೇಧಿಸಿತು. ಆದರೂ ಪದ್ಧತಿ ಅಷ್ಟಕ್ಕೇ ನಿಲ್ಲಲಿಲ್ಲ. 1997ರಲ್ಲಿ, ಆ ಬಾಳನ್ನು ಬಾಳಿ ಹೊರಬಂದ ಸ್ತ್ರೀಯರೇ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು ಕಟ್ಟಿದರು. ಹಾಡು, ಬೀದಿನಾಟಕಗಳೂ ಅವರ ಕಾರ್ಯದಲ್ಲಿ ಸೇರಿದವು. ಅವರನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ನೊಂದವಳೇ ಎದುರು ನಿಂತು ನುಡಿದಾಗ, ‘ಪಾತ್ರ ಚೆನ್ನಾಗಿ ಮಾಡಿದಳು’ ಎಂದು ಹೇಳಿ ಎದ್ದುಹೋಗುವುದು ಸುಲಭವಲ್ಲ.

ಆದುದರಿಂದ ಈ ವರ್ಷ ನಮ್ಮ ಯುವಜನರಿಗೆ, ಬರೆಯುವ ಮೊದಲು ಕುಡುಕರ ಮನೆಯ ಹೆಂಗಸರ ಬಳಿ ಕುಳಿತು ಕೇಳಿರಿ ಎಂದೆ. ಒಬ್ಬ ತಾಯಿ ತಾನೇ ರಂಗದ ಮೇಲೆ ಬರುವುದಾಗಿ ಹೇಳಿದರು. ಮರುದಿನವೇ ಆಕೆಯ ಬಂಧುಗಳು ನನ್ನ ಬಾಗಿಲಿಗೆ ಬಂದರು: ‘ಸ್ವಾಮಿ, ಮರ್ಯಾದಸ್ಥರ ಸೊಸೆ ಜನರ ಮುಂದೆ ಕುಣಿಯುವುದೇ?’ ಮಂಜೂಷದ ಮುಂದೆ ಕುಣಿದ ದಾವೀದನನ್ನು ಕಿಟಕಿಯಿಂದ ಕಂಡು ಹೀಯಾಳಿಸಿದ ಮೀಕಲಳ ನೆನಪಾಯಿತು, ಹೇಳಲಿಲ್ಲ. ಆಕೆಯ ಇಚ್ಛೆ ಆಕೆಯದು ಎಂದಷ್ಟೇ ಹೇಳಿ ಕಳುಹಿಸಿದೆ. ಅವರು ಕಾಫಿಯನ್ನೂ ಮುಟ್ಟದೆ ಹೋದರು.

ಶನಿವಾರ ಜಪಸರದ ನಂತರ ಮೊದಲ ಅಭ್ಯಾಸ. ಆಕೆ ಬರುವುದಾಗಿ ಮತ್ತೆ ಹೇಳಿಕಳುಹಿಸಿದ್ದಾರೆ.